ಎಡಗಿವಿಗೆ ಎಷ್ಟು, ಬಲಗಿವಿಗೆ ಎಷ್ಟು? ಪ್ಯಾನ್ ನಾಬ್‌ನ ಕಥೆ

ಈ ಎಪಿಸೋಡನ್ನ ಸಾಧ್ಯವಾದರೆ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಓದ್ತಾ ಇರೋರಿಗೆ ತೊಂದರೆ ಇಲ್ಲ, ಸದ್ದು ಬರೋ ಕಡೆಯೆಲ್ಲ ಅದೇನು ಅಂತ ಚೌಕ ಕಂಸದಲ್ಲಿ ಬರೆದಿದ್ದೀವಿ.

[ರೈಲಿನ ಸದ್ದು. ಎಡಗಿವಿಯಲ್ಲಿ ಶುರುವಾಗಿ ನಿಧಾನಕ್ಕೆ ಬಲಗಿವಿಗೆ ಹೋಗುತ್ತದೆ.]

ಕೇಳಿಸ್ತಾ? ಇದು ಯಶವಂತಪುರ ಸ್ಟೇಷನ್‌ನಲ್ಲಿ ನಾನು ಫೋನಲ್ಲಿ ರೆಕಾರ್ಡ್ ಮಾಡಿದ್ದು. ಈಗ ನಿಜ ಹೇಳಿಬಿಡ್ತೀನಿ. ಆ ರೈಲು ಎಡದಿಂದ ಬಲಕ್ಕೆ ಹೋಗಲೇ ಇಲ್ಲ. ನಾನು ಪ್ಲಾಟ್‌ಫಾರ್ಮ್ ತುದೀಲಿ ನಿಂತಿದ್ದೆ, ಅದು ಎದುರಿಂದ ಬಂದು ಬೆನ್ನ ಹಿಂದೆ ಹೋಯ್ತು. ನನ್ನ ಫೋನ್ ರೆಕಾರ್ಡ್ ಮಾಡಿದ್ದೂ ಮೋನೋದಲ್ಲಿ, ಅಂದ್ರೆ ಒಂದೇ ಚಾನೆಲ್. ಅದರಲ್ಲಿ ಎಡ ಬಲ ಅನ್ನೋದೇ ಇಲ್ಲ. ರೈಲನ್ನ ಎಡದಿಂದ ಬಲಕ್ಕೆ ಓಡಿಸಿದ್ದು ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತು, ಮೌಸ್ ಹಿಡ್ಕೊಂಡು. ಆಡಿಯೋ ಸಾಫ್ಟ್‌ವೇರ್‌ನಲ್ಲಿ ಪ್ರತಿ ಟ್ರ್ಯಾಕ್ ಪಕ್ಕ ಒಂದು ಪುಟ್ಟ ನಾಬ್ ಇರುತ್ತಲ್ಲ, ಒಂದು ಕಡೆ 'ಎಲ್', ಇನ್ನೊಂದು ಕಡೆ 'ಆರ್' ಅಂತ, ಅದೇ ಪ್ಯಾನ್. ಇವತ್ತಿನ ಕಥೆ ಆ ನಾಬ್‌ದು. ಅದು ಎಲ್ಲಿಂದ ಬಂತು, ನಮ್ಮ ಊರಿಗೆ ಯಾಕೆ ತಡವಾಗಿ ಬಂತು, ಮತ್ತೆ ಅದನ್ನ ಸುಮ್ಮನೆ ತಿರುಗಿಸಿದ್ರೆ ಯಾರ ಪಾಲಿನ ಮಾತು ಕಾಣೆಯಾಗುತ್ತೆ ಅಂತ.

ಮೊದಲು ಕಿವಿ ವಿಷಯ. ಹೆಬ್ಬಾಳ ಸರ್ಕಲ್ ಹತ್ರ ಕಣ್ಣು ಮುಚ್ಚಿ ನಿಲ್ಲಿ (ಫುಟ್‌ಪಾತ್ ಮೇಲೆ, ದಯವಿಟ್ಟು). ಎಡಗಡೆಯಿಂದ ಒಂದು ಬಸ್ ಹಾರ್ನ್ ಹೊಡೆದ್ರೆ ಎಡಗಡೆ ಅಂತ ತಕ್ಷಣ ಗೊತ್ತಾಗುತ್ತೆ. ಹೇಗೆ? ಎರಡು ಕಾರಣ. ಒಂದು, ಸದ್ದು ಎಡಗಿವಿಗೆ ಮೊದಲು ತಲುಪುತ್ತೆ, ತಲೆ ಸುತ್ತಿಕೊಂಡು ಬಲಗಿವಿಗೆ ಹೋಗೋದು ಸ್ವಲ್ಪ ತಡ. ಎಷ್ಟು ತಡ ಅಂದ್ರೆ ಹೆಚ್ಚಂದ್ರೆ 0.6, 0.7 ಮಿಲಿಸೆಕೆಂಡ್. ಅಷ್ಟು ಸಣ್ಣ ಅಂತರವನ್ನ ಮಿದುಳು ಲೆಕ್ಕ ಹಾಕುತ್ತೆ. ಎರಡನೇದು, ಮಧ್ಯೆ ನಮ್ಮ ತಲೆ ಅಡ್ಡ ಇರೋದ್ರಿಂದ ಬಲಗಿವಿಗೆ ಸದ್ದು ಸ್ವಲ್ಪ ಮಂದ, ಅದ್ರಲ್ಲೂ ಚೂಪಾದ ಸದ್ದು. ದಪ್ಪ ಸದ್ದಿಗೆ ಸಮಯದ ಅಂತರ ಮುಖ್ಯ, ಚೂಪು ಸದ್ದಿಗೆ ಜೋರಿನ ಅಂತರ ಮುಖ್ಯ ಅಂತ ಲಾರ್ಡ್ ರೇಲಿ ಅನ್ನೋ ಇಂಗ್ಲಿಷ್ ವಿಜ್ಞಾನಿ 1907ರಲ್ಲೇ ವಿವರಿಸಿದ್ರು.

ಪ್ಯಾನ್ ನಾಬ್ ಇದರಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತೆ. ಜೋರಿನ ಅಂತರ ಕೊಡುತ್ತೆ, ಸಮಯದ ಅಂತರ ಕೊಡಲ್ಲ. ಎಡಕ್ಕೆ ತಿರುಗಿಸಿದ್ರೆ ಬಲ ಸ್ಪೀಕರ್‌ಗೆ ಹೋಗೋ ಸದ್ದು ಕಮ್ಮಿ ಆಗುತ್ತೆ, ಅಷ್ಟೇ. ಆದ್ರೂ ನಾವು ನಂಬ್ತೀವಿ.

ನಂಬಿಸಬಹುದು ಅಂತ ಲೆಕ್ಕ ಹಾಕಿ ತೋರಿಸಿದವರಲ್ಲಿ ದೊಡ್ಡ ಹೆಸರು ಅಲನ್ ಬ್ಲಮ್ಲೀನ್. ಅವರಿಗಿಂತ ಮುಂಚೆ 1881ರಲ್ಲೇ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಅನ್ನೋರು ಒಪೆರಾ ವೇದಿಕೆ ಮೇಲೆ ಸಾಲಾಗಿ ಟೆಲಿಫೋನ್ ಟ್ರಾನ್ಸ್‌ಮಿಟರ್ ಇಟ್ಟು, ಜನರಿಗೆ ಎರಡೂ ಕಿವಿಗೆ ಒಂದೊಂದು ರಿಸೀವರ್ ಕೊಟ್ಟು ಕೇಳಿಸಿದ್ರು. ಅದು ಚಮತ್ಕಾರವಾಗಿ ಉಳೀತು. ಬ್ಲಮ್ಲೀನ್ ಕಥೆ ಬೇರೆ. ಅವರು ಹೆಂಡತಿ ಜೊತೆ ಸಿನಿಮಾಗೆ ಹೋಗಿದ್ರಂತೆ. ಪರದೆ ಮೇಲೆ ನಟ ಒಂದು ಕಡೆ ನಿಂತಿದ್ದಾನೆ, ಮಾತು ಇನ್ನೊಂದು ಕಡೆಯಿಂದ ಬರ್ತಿದೆ. ಕುರುಡನಿಗೆ ಇದು ಎಷ್ಟು ಗೊಂದಲ ಆಗುತ್ತೆ ಅಂತ ಯೋಚನೆ ಬಂತು ಅಂತ ಹೇಳ್ತಾರೆ. 1931ರ ಡಿಸೆಂಬರ್‌ನಲ್ಲಿ ಅವರು ಸಲ್ಲಿಸಿದ ಬ್ರಿಟಿಷ್ ಪೇಟೆಂಟ್‌ನಲ್ಲಿ 70 ಬೇಡಿಕೆಗಳಿದ್ವು. ಎರಡು ಸ್ಪೀಕರ್, ಎರಡು ಮೈಕು, ಒಂದೇ ಗಾಡಿಯಲ್ಲಿ, ಅಂದ್ರೆ ರೆಕಾರ್ಡ್ ಮೇಲಿನ ಒಂದೇ ಗೀರಿನಲ್ಲಿ, ಎರಡೂ ಚಾನೆಲ್ ಬರೆಯೋ ವಿಧಾನ, ಎಲ್ಲಾ ಅದರಲ್ಲೇ ಇತ್ತು. 1935ರಲ್ಲಿ ಅವರು ಪರೀಕ್ಷೆಗೆ ಅಂತ ಮಾಡಿದ ಒಂದು ಪುಟ್ಟ ಫಿಲ್ಮ್ ಇದೆ. ಹೇಸ್ ಅನ್ನೋ ಸ್ಟೇಷನ್‌ನಲ್ಲಿ ರೈಲುಗಳು ಓಡಾಡೋದು. ರೈಲು ಪರದೆ ದಾಟಿದ ಹಾಗೆ ಸದ್ದೂ ದಾಟುತ್ತೆ. ನನ್ನ ಯಶವಂತಪುರದ ರೈಲಿಗೆ ಅದೇ ಪ್ರೇರಣೆ. ವ್ಯತ್ಯಾಸ ಏನಂದ್ರೆ ಅವರ ರೈಲು ನಿಜಕ್ಕೂ ದಾಟಿತ್ತು.

1942ರಲ್ಲಿ, ಯುದ್ಧದ ಸಮಯ, ರೇಡಾರ್ ಪರೀಕ್ಷೆ ಮಾಡ್ತಿದ್ದ ವಿಮಾನ ಬಿದ್ದು ಬ್ಲಮ್ಲೀನ್ ತೀರಿಕೊಂಡ್ರು. 38 ವರ್ಷ. ಅಂಗಡಿಯಲ್ಲಿ ಸ್ಟೀರಿಯೋ ಎಲ್‌ಪಿ ಮಾರಾಟಕ್ಕೆ ಬರೋ ಹೊತ್ತಿಗೆ ಅವರು ಹೋಗಿ 15 ವರ್ಷ ಆಗಿತ್ತು.

ಈಗ ನಾಬ್‌ಗೆ ಬರೋಣ. ಪ್ಯಾನ್ ಅಂದ್ರೆ ದೋಸೆ ಹೊಯ್ಯೋ ಪ್ಯಾನ್ ಅಲ್ಲ. ಪನೋರಮಿಕ್ ಪೊಟೆನ್ಶಿಯೋಮೀಟರ್ ಅನ್ನೋದರ ಮೊಟಕು, ಪ್ಯಾನ್‌ಪಾಟ್. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸೋದು ಇತ್ತಲ್ಲ, ಅದೇ ಜಾತಿ. ಇದು ಹೆಸರು ಮಾಡಿದ್ದು ವಾಲ್ಟ್ ಡಿಸ್ನಿಯ 'ಫ್ಯಾಂಟೇಶಿಯಾ' ಸಿನಿಮಾದಿಂದ, 1940. ಡಿಸ್ನಿಗೆ ಒಂದು ಆಸೆ ಇತ್ತು: ದುಂಬಿ ಗುಂಯ್ ಅಂತ ಥಿಯೇಟರ್ ತುಂಬಾ ಹಾರಾಡಬೇಕು, ಜನ ತಲೆ ತಿರುಗಿಸಿ ಹುಡುಕಬೇಕು. ಆ ದುಂಬಿ ಕೊನೆಗೆ ಸಿನಿಮಾದಲ್ಲಿ ಬರಲಿಲ್ಲ. ಆದ್ರೆ ಅದಕ್ಕೋಸ್ಕರ ಡಿಸ್ನಿಯ ಇಂಜಿನಿಯರ್‌ಗಳು ಪರದೆ ಹಿಂದಿನ ಮೂರು ಸ್ಪೀಕರ್‌ಗಳ ಮಧ್ಯೆ ಸದ್ದನ್ನ ಜಾರಿಸೋ ಉಪಕರಣ ಮಾಡಿದ್ರು. ಆ ವ್ಯವಸ್ಥೆ ದುಬಾರಿ, ಬೆರಳೆಣಿಕೆ ಥಿಯೇಟರ್‌ಗಳಲ್ಲಿ ಮಾತ್ರ ಹಾಕೋಕಾಯ್ತು. ಮುಂದೆ ಬಹಳ ಜನ ಆ ಸಿನಿಮಾ ನೋಡಿದ್ದು ಮೋನೋದಲ್ಲೇ.

ಯೂಟ್ಯೂಬ್‌ನಲ್ಲಿ '8ಡಿ ಆಡಿಯೋ' ಅಂತ ಬರುತ್ತಲ್ಲ, ಹಾಡು ತಲೆ ಸುತ್ತಾ ತಿರುಗೋದು, ಅದು ಹೆಚ್ಚುಕಮ್ಮಿ ಡಿಸ್ನಿ ದುಂಬಿನೇ. ಎಂಟು ಆಯಾಮ ಎಲ್ಲಾ ಏನಿಲ್ಲ. ಯಾರೋ ಪ್ಯಾನ್ ನಾಬನ್ನ ಎಡಕ್ಕೆ ಬಲಕ್ಕೆ ತಾನಾಗೇ ಓಡಾಡೋ ಹಾಗೆ ಬಿಟ್ಟು, ಸ್ವಲ್ಪ ಪ್ರತಿಧ್ವನಿ ಸೇರಿಸಿರ್ತಾರೆ. ಒಂದು ಸಲ ಕೇಳೋಕೆ ಮಜಾ ಇದೆ. ಎರಡನೇ ಸಲಕ್ಕೆ ನನಗಂತೂ ತಲೆನೋವು.

ಸರಿ, ನಮ್ಮ ಊರು. ಬೆಂಗಳೂರು ತುಂಬಾ ಕಾಲ ಮೋನೋ ಊರು. ಅದನ್ನ ಕೀಳಾಗಿ ಹೇಳ್ತಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. 1935ರಲ್ಲಿ ಮೈಸೂರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. 1955ರಲ್ಲಿ ಬೆಂಗಳೂರು ಕೇಂದ್ರ ಬಂತು. ಮೀಡಿಯಂ ವೇವ್‌ನ 612 ಕಿಲೋಹರ್ಟ್ಸ್‌ನಲ್ಲಿ ಕೃಷಿರಂಗ, ಪ್ರದೇಶ ಸಮಾಚಾರ, ನಾಟಕ, ಎಲ್ಲಾ ಒಂದೇ ಚಾನೆಲ್. ಯಲಹಂಕ ಉಪನಗರದ ಕಡೆ ಹೋದವರಿಗೆ ಆಕಾಶವಾಣಿಯ ದೊಡ್ಡ ಟವರ್‌ಗಳು, ತಂತಿ ಪರದೆಗಳು ಗೊತ್ತಿರುತ್ತೆ. ಅದು ಶಾರ್ಟ್ ವೇವ್ ಪ್ರಸಾರದ ಜಾಗ. ಒಂದೊಂದು ಟ್ರಾನ್ಸ್‌ಮಿಟರ್ 500 ಕಿಲೋವಾಟ್. ಅಲ್ಲಿಂದ ಹೊರಟ ಸದ್ದು ಸಮುದ್ರ ದಾಟಿ ಬೇರೆ ದೇಶಗಳ ರೇಡಿಯೋದಲ್ಲಿ ಕೇಳಿಸ್ತಿತ್ತು. ಉತ್ತರ ಬೆಂಗಳೂರಿನಿಂದ ಅಷ್ಟು ದೂರ ಹೋದ ಇನ್ನೊಂದು ಸದ್ದು ನನಗೆ ಗೊತ್ತಿಲ್ಲ. ಅದಕ್ಕೂ ಎಡ ಬಲ ಇರಲಿಲ್ಲ.

ಬೀದಿಗೆ ಬಂದ್ರೆ ಮೈಕ್ ಸೆಟ್. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ನವೆಂಬರ್ ತುಂಬಾ ನಡೆಯೋ ರಾಜ್ಯೋತ್ಸವ. ಒಂದು ಅಹುಜಾ ಆಂಪ್ಲಿಫೈಯರ್, ಕಂಬದಿಂದ ಕಂಬಕ್ಕೆ ವೈರು, ಹತ್ತು ಹಾರ್ನು. ಅಲ್ಲಿ ಸ್ಟೀರಿಯೋ ಮಾಡಿದ್ರೆ ಏನಾಗುತ್ತೆ ಯೋಚನೆ ಮಾಡಿ. ಮೊದಲನೇ ಅಡ್ಡರಸ್ತೆಯವರಿಗೆ ತಬಲ, ಮೂರನೇ ಅಡ್ಡರಸ್ತೆಯವರಿಗೆ ಗಾಯಕಿ. ಮೈಕ್ ಸೆಟ್‌ನವರು ಮೋನೋ ಹಾಕೋದು ತಿಳಿಯದೇ ಅಲ್ಲ, ತಿಳಿದೇ.

ನಮ್ಮ ಹಳೇ ಸಿನಿಮಾ ಹಾಡುಗಳೂ ಮೋನೋ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಎಂ. ರಂಗರಾವ್, ಇವರ ಕಾಲದಲ್ಲಿ ಬಹುಪಾಲು ರೆಕಾರ್ಡಿಂಗ್ ಮದ್ರಾಸ್‌ನಲ್ಲಿ. ಕೆಲವೇ ಮೈಕುಗಳು. ಅಲ್ಲಿ ಎಡ ಬಲ ಇಲ್ಲದಿದ್ರೂ ಹತ್ತಿರ ದೂರ ಇತ್ತು. ಕೊಳಲಿನವರು ಎರಡು ಹೆಜ್ಜೆ ಮುಂದೆ ಬಂದು ನುಡಿಸಿ ಮತ್ತೆ ಹಿಂದೆ ಸರೀಬೇಕು, ಕೋರಸ್ ಗೋಡೆ ಕಡೆ. ಯಾರು ಎಲ್ಲಿ ನಿಲ್ಲಬೇಕು ಅನ್ನೋದೇ ಮಿಕ್ಸಿಂಗ್. ಆ ಹಾಡುಗಳನ್ನ ಇವತ್ತು ಬಸ್ಸಿನಲ್ಲಿ ಒಂದೇ ಇಯರ್‌ಬಡ್‌ನಲ್ಲಿ ಕೇಳಿದ್ರೂ ಒಂದು ಸ್ವರ ಕಳೆದುಹೋಗಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಸ್ಟೀರಿಯೋ ಅಂದ್ರೆ ಏನು ಅಂತ ಭಾರತದ ಸಿನಿಮಾ ಪ್ರೇಕ್ಷಕರಲ್ಲಿ ಬಹಳ ಜನಕ್ಕೆ ಮೊದಲು ತಟ್ಟಿಸಿದ ಸಿನಿಮಾ ನಮ್ಮ ಪಕ್ಕದಲ್ಲೇ ತಯಾರಾಗಿದ್ದು. ರಾಮನಗರದ ಬಂಡೆಗಳ ಮಧ್ಯೆ ಶೂಟಿಂಗ್ ಆದ 'ಶೋಲೆ', 1975ರ ಆಗಸ್ಟ್ 15ಕ್ಕೆ ಬಿಡುಗಡೆ. 70 ಎಂಎಂ ಪ್ರಿಂಟ್ ಇದ್ದ ಥಿಯೇಟರ್‌ಗಳಲ್ಲಿ ಸ್ಟೀರಿಯೋಫೋನಿಕ್ ಸೌಂಡ್. ಅಮಿತಾಭ್ ಬಚ್ಚನ್ ನಾಣ್ಯ ಚಿಮ್ಮಿಸೋ ದೃಶ್ಯದಲ್ಲಿ ನಾಣ್ಯ ಬಿದ್ದ ಸದ್ದಿಗೆ ಜನ ಸೀಟಿನ ಕೆಳಗೆ ಬಗ್ಗಿ ಹುಡುಕಿದ್ರು ಅಂತ ಒಂದು ಮಾತಿದೆ. ನಿಜವೋ ಉತ್ಪ್ರೇಕ್ಷೆಯೋ, ಹೇಳೋರು ಮಾತ್ರ ಇವತ್ತಿಗೂ ಇದ್ದಾರೆ. ಆದ್ರೆ ಸಾಮಾನ್ಯ 35 ಎಂಎಂ ಟಾಕೀಸಿನಲ್ಲಿ ನೋಡಿದವರಿಗೆ ಆ ನಾಣ್ಯ ಪರದೆ ಮಧ್ಯದಲ್ಲೇ ಬಿತ್ತು. ಒಂದೇ ಸಿನಿಮಾ, ಎರಡು ಕೇಳುವಿಕೆ. ಫ್ಯಾಂಟೇಶಿಯಾಗೂ ಇದೇ ಆಗಿತ್ತು ಅಲ್ವಾ?

ಕನ್ನಡದಲ್ಲಿ ಸದ್ದಿನ ಕೆಲಸವನ್ನ ಬೆಂಗಳೂರಿಗೆ ತರಬೇಕು ಅಂತ ಹಟ ತೊಟ್ಟವರಲ್ಲಿ ಶಂಕರ್ ನಾಗ್ ಒಬ್ರು. 1980ರ ದಶಕದಲ್ಲಿ ಶಂಕರ್ ನಾಗ್, ಅನಂತ್ ನಾಗ್ ಸೇರಿ ಇಲ್ಲಿ 'ಸಂಕೇತ್' ಅನ್ನೋ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ್ರು. ಅದಕ್ಕಿಂತ ಮುಂಚೆ ಸಣ್ಣ ಪುಟ್ಟದಕ್ಕೂ ಮದ್ರಾಸ್ ರೈಲು ಹತ್ತಬೇಕಿತ್ತು. ಇಂಥ ಸ್ಟುಡಿಯೋಗಳ ಮಿಕ್ಸಿಂಗ್ ಕನ್ಸೋಲ್‌ಗಳಲ್ಲಿ ಪ್ರತಿ ಚಾನೆಲ್‌ಗೂ ಒಂದು ಪ್ಯಾನ್ ನಾಬ್. ಎಷ್ಟು ಮೈಕೋ ಅಷ್ಟು ನಾಬ್. ವೀಣೆ ಸ್ವಲ್ಪ ಎಡಕ್ಕೆ, ಮೃದಂಗ ಸ್ವಲ್ಪ ಬಲಕ್ಕೆ, ಹಾಡುಗಾರ ನಟ್ಟನಡುವೆ.

ಅದೇ ಹೊತ್ತಿಗೆ ಮನೆಗಳಿಗೆ ಕ್ಯಾಸೆಟ್ ಬಂದಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದಕ್ಕೆ ಹೆಸರು. ಆಮೇಲೆ ಸಂಗೀತಾ, ಲಹರಿ. 1987ರ 'ಪ್ರೇಮಲೋಕ' ಬಂದಾಗಂತೂ ಹಂಸಲೇಖ ಹಾಡಿಲ್ಲದ ಆಟೋ ಇರಲಿಲ್ಲ ಅಂತ ನಮ್ಮ ಮನೇಲಿ ದೊಡ್ಡೋರು ಹೇಳ್ತಾರೆ.

ಕ್ಯಾಸೆಟ್‌ನಲ್ಲಿ ಒಂದು ಸಣ್ಣ ಜಾಣತನ ಇದೆ, ನನಗೆ ತುಂಬಾ ಇಷ್ಟ. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಈ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ, 3.81. ಸ್ಟೀರಿಯೋ ಆದ್ರೆ ಅಷ್ಟರಲ್ಲೇ ನಾಲ್ಕು ಪಟ್ಟಿ: ಎ ಸೈಡಿಗೆ ಎಡ ಬಲ, ಬಿ ಸೈಡಿಗೆ ಎಡ ಬಲ. ಒಂದು ಸೈಡಿನ ಎಡ ಬಲ ಎರಡನ್ನೂ ಅಕ್ಕಪಕ್ಕ ಇಟ್ರು. ಅದರಿಂದ ಏನಾಯ್ತು? ಬಡವರ ಮನೆಯ ಮೋನೋ ಟೇಪ್ ರೆಕಾರ್ಡರ್‌ನ ಒಂದೇ ಅಗಲವಾದ ಹೆಡ್ಡು ಎರಡೂ ಪಟ್ಟಿಯನ್ನ ಒಟ್ಟಿಗೇ ಓದ್ತಿತ್ತು. ಸ್ಟೀರಿಯೋ ಕ್ಯಾಸೆಟ್ ಹಾಕಿದ್ರೆ ಎಡ, ಬಲ ಸೇರ್ಕೊಂಡು ಪೂರ್ತಿ ಹಾಡು. ಯಾರಿಗೂ ಅರ್ಧ ಹಾಡು ಬರಲಿಲ್ಲ.

ಬ್ಲಮ್ಲೀನ್ ದಾರಿಯ ಎಲ್‌ಪಿಯಲ್ಲೂ ಹಾಗೇ. ಗೀರಿನ ಎರಡು ಗೋಡೆ ಎರಡು ಚಾನೆಲ್, ಆದ್ರೆ ಮುಳ್ಳು ಅಡ್ಡಡ್ಡ ಅಲುಗಾಡೋದ್ರಲ್ಲಿ ಎರಡರ ಮೊತ್ತ ಇರುತ್ತೆ, ಮೇಲೆ ಕೆಳಗೆ ಅಲುಗಾಡೋದ್ರಲ್ಲಿ ವ್ಯತ್ಯಾಸ. ಮೋನೋ ಪ್ಲೇಯರ್ ಅಡ್ಡ ಚಲನೆ ಮಾತ್ರ ಓದುತ್ತೆ, ಅಂದ್ರೆ ಮೊತ್ತ. ಎಫ್‌ಎಂ ಕೂಡ ಹಾಗೇ. 2001ರ ಜುಲೈನಲ್ಲಿ ಬೆಂಗಳೂರಿಗೆ ರೇಡಿಯೋ ಸಿಟಿ ಬಂತು, ದೇಶದ ಮೊದಲ ಖಾಸಗಿ ಎಫ್‌ಎಂ. ಎಫ್‌ಎಂ ಸ್ಟೀರಿಯೋ ಹೇಗೆ ಬರುತ್ತೆ ಅಂದ್ರೆ, ಎಡ ಕೂಡು ಬಲ ಮುಖ್ಯ ಸಿಗ್ನಲ್, ಎಡ ಕಳೆ ಬಲ ಮೇಲೊಂದು ಮಹಡಿಯಲ್ಲಿ, 38 ಕಿಲೋಹರ್ಟ್ಸ್ ಹತ್ರ. 'ಮೇಲೆ ಇನ್ನೊಂದು ಇದೆ ನೋಡು' ಅಂತ ಸೂಚನೆ ಕೊಡೋಕೆ 19 ಕಿಲೋಹರ್ಟ್ಸ್‌ನಲ್ಲಿ ಒಂದು ಸಣ್ಣ ಪೈಲಟ್ ಟೋನ್. ಸ್ಟೀರಿಯೋ ಸೆಟ್ ಎರಡನ್ನೂ ಕೂಡಿ ಕಳೆದು ಎಡ ಬಲ ಬೇರೆ ಮಾಡ್ಕೊಳ್ಳುತ್ತೆ. ಇಯರ್‌ಫೋನ್ ವೈರನ್ನೇ ಏರಿಯಲ್ ಮಾಡ್ಕೊಂಡು ಫೋನಲ್ಲಿ ಎಫ್‌ಎಂ ಕೇಳಿದ ಕಾಲ ನೆನಪಿದೆಯಾ, ಅದು ಮಾಡ್ತಿದ್ದಿದ್ದು ಇದನ್ನೇ. ಹಳೇ ಮೋನೋ ಸೆಟ್ ಮೊತ್ತವನ್ನ ಮಾತ್ರ ಕೇಳುತ್ತೆ, ಪೂರ್ತಿ ಕೇಳುತ್ತೆ.

ಅಂದ್ರೆ ಮೂರು ಕಾಲದ ಇಂಜಿನಿಯರ್‌ಗಳು ಒಂದೇ ವಿಷಯ ತಲೇಲಿ ಇಟ್ಕೊಂಡಿದ್ರು: ಒಂದೇ ಸ್ಪೀಕರ್ ಇರೋನಿಗೆ ಏನೂ ತಪ್ಪಿ ಹೋಗಬಾರದು. ಆ ಎಚ್ಚರಿಕೆ ಯಂತ್ರದ ಒಳಗೇ ಇತ್ತು. ಸಾಫ್ಟ್‌ವೇರ್ ಬಂದ ಮೇಲೆ ಅದು ಯಂತ್ರದಿಂದ ನಮ್ಮ ಕೈಗೆ ಬಂತು. ಮನೇಲಿ ಕೂತು ಪಾಡ್‌ಕಾಸ್ಟ್ ಎಡಿಟ್ ಮಾಡೋ ಪ್ರತಿಯೊಬ್ಬರ ಕೈಗೆ.

ಇಲ್ಲಿ ನನ್ನ ಸೋದರಮಾವನ ಕಥೆ ಹೇಳಬೇಕು. ಮಾವ ಪೀಣ್ಯದ ಒಂದು ಕಾರ್ಖಾನೇಲಿ ಪ್ರೆಸ್ ಮೆಷಿನ್ ಪಕ್ಕ ಮೂವತ್ತು ವರ್ಷ ಕೆಲಸ ಮಾಡಿದ್ರು. ಎಡಗಿವಿ ಹೋಯ್ತು, ಬಲಗಿವಿ ಚೆನ್ನಾಗಿದೆ. ಈಗ ಆರ್.ಟಿ. ನಗರದಲ್ಲಿ ಇದ್ದಾರೆ, ಬೆಳಿಗ್ಗೆ ಪಾರ್ಕಲ್ಲಿ ವಾಕಿಂಗ್, ಕಿವೀಲಿ ಇಯರ್‌ಫೋನ್. ಹೋದ ವರ್ಷ ಒಂದು ದಿನ ಹೇಳಿದ್ರು, "ಏನೇ ಇದು, ಈಗಿನವರ ಸಂದರ್ಶನ? ಬಂದವರು ಒಬ್ಬರೇ ಮಾತಾಡ್ಕೊಂಡು ಒಬ್ಬರೇ ನಗ್ತಾರೆ. ಯಾರೂ ಏನೂ ಕೇಳೇ ಇಲ್ಲ, ಉತ್ತರ ಕೊಡ್ತಾನೇ ಇದ್ದಾರೆ!" ಹೊಸ ಶೈಲಿ ಇರಬೇಕು ಅಂದ್ಕೊಂಡು ಮೂರು ಎಪಿಸೋಡ್ ಹಾಗೇ ಕೇಳಿದ್ರಂತೆ. ನಾನು ಫೋನ್ ತಗೊಂಡು ಕೇಳಿದೆ. ಪ್ರಶ್ನೆ ಕೇಳೋರು ಪೂರ್ತಿ ಎಡಗಿವೀಲಿ, ಅತಿಥಿ ಪೂರ್ತಿ ಬಲಗಿವೀಲಿ. ಇಯರ್‌ಫೋನ್ ಅದಲು ಬದಲು ಮಾಡಿ ಕೊಟ್ಟೆ. ಮಾವ ಸ್ವಲ್ಪ ಹೊತ್ತು ಕೇಳಿ, "ಈಗ ಬರೀ ಪ್ರಶ್ನೆ ಕಣೇ, ಉತ್ತರನೇ ಇಲ್ಲ," ಅಂದ್ರು.

ನಕ್ಕಿದ್ವಿ. ಆದ್ರೆ ಒಂದು ಕ್ಷಣ ಯೋಚಿಸಿ, ಒಂದು ಕಿವಿ ಕೇಳಿಸದವರು ಮಾವ ಒಬ್ರೇನಾ? ಕಿವಿ ಸರಿಯಿದ್ರೂ ಬಸ್ಸಲ್ಲಿ ಇಬ್ಬರು ಫ್ರೆಂಡ್ಸ್ ಒಂದೊಂದು ಬಡ್ ಹಾಕ್ಕೊಂಡು ಕೂತಿರ್ತಾರೆ. ಸ್ವಿಗ್ಗಿ, ಜೊಮ್ಯಾಟೋ ಹುಡುಗರು ಗಾಡಿ ಓಡಿಸುವಾಗ ಹಾರ್ನ್ ಕೇಳಿಸ್ಲಿ ಅಂತ ಒಂದೇ ಕಿವಿಗೆ ಹಾಕ್ಕೊಳ್ತಾರೆ. ಅವರಿಗೆಲ್ಲ ಆ ಸಂದರ್ಶನ ಅರ್ಧ.

ಇದು ಹೇಗೆ ಆಗುತ್ತೆ ಅಂತ ಹೇಳ್ತೀನಿ, ಬಹಳ ಸುಲಭ. ಎರಡು ಮೈಕ್ ಹಾಕೋ ಪುಟ್ಟ ರೆಕಾರ್ಡರ್ ಇರುತ್ತೆ. ಒಂದನೇ ಮೈಕ್ ಎಡ ಚಾನೆಲ್‌ಗೆ, ಎರಡನೇದು ಬಲ ಚಾನೆಲ್‌ಗೆ ಹೋಗಿ, ಒಂದೇ ಸ್ಟೀರಿಯೋ ಫೈಲ್ ಆಗುತ್ತೆ. ಅದನ್ನ ಹಾಗೇ ಅಪ್‌ಲೋಡ್ ಮಾಡಿದ್ರೆ ಮಾವನ ಕಥೆ. ಸರಿ ಮಾಡೋಣ ಅಂತ ಪ್ಯಾನ್ ನಾಬ್ ತಿರುಗಿಸ್ತೀರಾ? ಇಲ್ಲೇ ಇರೋದು ಹಳ್ಳ. ಯಾಕಂದ್ರೆ ಸ್ಟೀರಿಯೋ ಟ್ರ್ಯಾಕ್ ಮೇಲೆ ಅದು ಪ್ಯಾನ್ ಅಲ್ಲ, ಬ್ಯಾಲೆನ್ಸ್.

ಎರಡರ ವ್ಯತ್ಯಾಸ ಮನೆಯ ಹಳೇ ಸ್ಟೀರಿಯೋ ಸೆಟ್ ನೋಡಿದವರಿಗೆ ಅರ್ಥ ಆಗುತ್ತೆ. ಅದರಲ್ಲಿ 'ಬ್ಯಾಲೆನ್ಸ್' ಅಂತ ಒಂದು ನಾಬ್ ಇರ್ತಿತ್ತು. ಒಂದು ಸ್ಪೀಕರ್ ಬೀರು ಮೇಲೆ ದೂರ, ಇನ್ನೊಂದು ಕುರ್ಚಿ ಪಕ್ಕ ಹತ್ತಿರ ಇದ್ರೆ, ಹತ್ತಿರದ್ದನ್ನ ಸ್ವಲ್ಪ ಕಮ್ಮಿ ಮಾಡೋಕೆ. ಅಂದ್ರೆ ಬ್ಯಾಲೆನ್ಸ್ ಏನನ್ನೂ ಜರುಗಿಸಲ್ಲ, ಒಂದು ಕಡೆಯನ್ನ ತಗ್ಗಿಸುತ್ತೆ. ಪೂರ್ತಿ ಬಲಕ್ಕೆ ತಿರುಗಿಸಿದ್ರೆ ಎಡಗಡೆ ಇದ್ದಿದ್ದು ಬಲಕ್ಕೆ ಬರಲ್ಲ, ಸತ್ತೇ ಹೋಗುತ್ತೆ. ಸ್ಟುಡಿಯೋದ ಪ್ಯಾನ್ ಬೇರೆ. ಅದು ಒಂದೇ ಮೋನೋ ಸದ್ದನ್ನ ತಗೊಂಡು, ಎಡಕ್ಕಿಷ್ಟು ಬಲಕ್ಕಿಷ್ಟು ಅಂತ ಹಂಚುತ್ತೆ. ಒಂದು ಮನೆಯವರ ಕುರ್ಚಿಗೆ ಸಂಬಂಧಪಟ್ಟಿದ್ದು, ಇನ್ನೊಂದು ಹಾಡಿನ ಒಳಗಿನ ಜಾಗಕ್ಕೆ ಸಂಬಂಧಪಟ್ಟಿದ್ದು. ಸಾಫ್ಟ್‌ವೇರ್‌ನಲ್ಲಿ ಎರಡಕ್ಕೂ ಒಂದೇ ಚಿತ್ರ, ಒಂದೇ ಎಲ್, ಒಂದೇ ಆರ್. ಇದು ಯಾರು ಮಾಡಿದ ವಿನ್ಯಾಸವೋ, ನನ್ನ ಪ್ರಕಾರ ಸರಿಯಲ್ಲ.

ಆಡಾಸಿಟಿ ಬಳಸ್ತಿದ್ರೆ ಟ್ರ್ಯಾಕ್ ಮೆನುವಿನಲ್ಲಿ 'ಸ್ಪ್ಲಿಟ್ ಸ್ಟೀರಿಯೋ ಟು ಮೋನೋ' ಅಂತ ಇದೆ. ಅದನ್ನ ಒತ್ತಿದ್ರೆ ಇಬ್ಬರ ಮಾತು ಎರಡು ಬೇರೆ ಮೋನೋ ಟ್ರ್ಯಾಕ್ ಆಗಿ ನಡುವೆ ಬಂದು ಕೂರುತ್ತೆ. ರೀಪರ್‌ನಲ್ಲಿ ಪ್ಯಾನ್ ನಾಬ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಬ್ಯಾಲೆನ್ಸ್ ಬೇಕಾ, ನಿಜವಾದ ಸ್ಟೀರಿಯೋ ಪ್ಯಾನ್ ಬೇಕಾ, ಎರಡೂ ಚಾನೆಲ್‌ಗೆ ಬೇರೆ ಬೇರೆ ಪ್ಯಾನ್ ಬೇಕಾ ಅಂತ ಆರಿಸಬಹುದು.

ಈಗ ಒಂದು ಚೂರು ಲೆಕ್ಕ. ಬೇಡ ಅನ್ನೋರು ಮೂವತ್ತು ಸೆಕೆಂಡ್ ಮುಂದೆ ಹೋಗಿ.

ಸದ್ದನ್ನ ನಡುವೆ ಇಡಬೇಕು ಅಂದ್ರೆ ಎಡಕ್ಕೆ ಅರ್ಧ ಬಲಕ್ಕೆ ಅರ್ಧ ಕೊಟ್ರೆ ಸಾಕು ಅನ್ಸುತ್ತೆ ಅಲ್ವಾ? ಸಾಲಲ್ಲ. ಸದ್ದಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇರುತ್ತೆ. ಅರ್ಧದ ವರ್ಗ ಕಾಲು. ಕಾಲು ಕೂಡು ಕಾಲು, ಅರ್ಧ. ಅಂದ್ರೆ ಎಡಗಡೆ ಪೂರ್ತಿ ಜೋರಿದ್ದ ಸದ್ದು ನಡುವೆ ಬರುವಾಗ ಶಕ್ತಿ ಅರ್ಧಕ್ಕೆ ಇಳಿದು, ಬಲಕ್ಕೆ ಹೋದ ಮೇಲೆ ಮತ್ತೆ ಏರುತ್ತೆ. ಹೆಬ್ಬಾಳದ ಅಂಡರ್‌ಪಾಸ್‌ಗೆ ಇಳಿದು ಹತ್ತಿದ ಹಾಗೆ. ಅದಕ್ಕೆ ಎರಡೂ ಕಡೆಗೆ 0.5ರ ಬದಲು 0.707 ಕೊಡ್ತಾರೆ. ಅದರ ವರ್ಗ ಸರಿಯಾಗಿ ಅರ್ಧ, ಅರ್ಧ ಕೂಡು ಅರ್ಧ ಒಂದು. ಡೆಸಿಬೆಲ್‌ನಲ್ಲಿ ಹೇಳಿದ್ರೆ ನಡುವೆ ಪ್ರತಿ ಕಡೆಗೂ 3 ಕಮ್ಮಿ. ಇದಕ್ಕೆ ಪ್ಯಾನ್ ಲಾ ಅಂತಾರೆ. ಆದ್ರೆ ಎರಡೂ ಚಾನೆಲ್ ಮೋನೋದಲ್ಲಿ ಕೂಡಿದಾಗ ಶಕ್ತಿ ಅಲ್ಲ, ವೋಲ್ಟೇಜೇ ಕೂಡುತ್ತೆ, ಆಗ 6 ಕಮ್ಮಿ ಮಾಡಿದ್ರೇನೇ ಸರಿ. ಎರಡಕ್ಕೂ ಸಮಾಧಾನ ಆಗ್ಲಿ ಅಂತ 4.5 ಇಟ್ಟ ಕನ್ಸೋಲ್‌ಗಳಿವೆ. ಪ್ರೋ ಟೂಲ್ಸ್‌ನಲ್ಲಿ ತುಂಬಾ ವರ್ಷ 2.5 ಇತ್ತು. ಕ್ಯೂಬೇಸ್ ತಾನಾಗಿ 3 ಇಡುತ್ತೆ. ಒಂದು ಸಾಫ್ಟ್‌ವೇರ್‌ನಲ್ಲಿ ಮಿಕ್ಸ್ ಮಾಡಿದ್ದನ್ನ ಇನ್ನೊಂದರಲ್ಲಿ ತೆಗೆದಾಗ, ಯಾರೂ ಮುಟ್ಟದೇ ಹಾಡುಗಾರನ ದನಿ ಮೇಲೆ ಕೆಳಗೆ ಆಗೋದು ಇದಕ್ಕೇ.

[ಕಂಜರದ ಸದ್ದು. ಎಡದಿಂದ ಬಲಕ್ಕೆ, ಮೊದಲು 0.5 ಲೆಕ್ಕದಲ್ಲಿ, ಆಮೇಲೆ 0.707 ಲೆಕ್ಕದಲ್ಲಿ.]

ಮೊದಲನೇದ್ರಲ್ಲಿ ನಡುವೆ ಗುಂಡಿ ಇತ್ತು. ಎರಡನೇದ್ರಲ್ಲಿ ರಸ್ತೆ ಸಮ.

ಲೆಕ್ಕ ಮುಗೀತು. ಹಾಗಂತ ಪೂರ್ತಿ ಎಡ, ಪೂರ್ತಿ ಬಲ ಹಾಕೋದೇ ತಪ್ಪಾ? ಇತಿಹಾಸದಲ್ಲಿ ದೊಡ್ಡ ದೊಡ್ಡವರು ಹಾಕಿದ್ದಾರೆ. 1963ರ ಬೀಟಲ್ಸ್‌ನ ಮೊದಲ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ' ಸ್ಟೀರಿಯೋದಲ್ಲಿ ಕೇಳಿ. ವಾದ್ಯಗಳೆಲ್ಲ ಒಂದು ಕಡೆ, ಹಾಡು ಇನ್ನೊಂದು ಕಡೆ. ಎರಡು ಟ್ರ್ಯಾಕ್ ಟೇಪಿನಲ್ಲಿ ಹಾಗೆ ರೆಕಾರ್ಡ್ ಮಾಡಿದ್ದು ಆಮೇಲೆ ಎರಡನ್ನೂ ಸೇರಿಸಿ ಮೋನೋ ಮಾಡೋಕೆ. ಆ ಕಾಲದ ಎಷ್ಟೋ ಅಮೆರಿಕನ್ ಕನ್ಸೋಲ್‌ಗಳಲ್ಲಿ ಪ್ಯಾನ್ ನಾಬ್ ಇರಲೂ ಇಲ್ಲ, ಎಡ, ನಡು, ಬಲ ಅಂತ ಮೂರು ಜಾಗದ ಸ್ವಿಚ್ ಇತ್ತು. ಅವರೆಲ್ಲ ಮನಸ್ಸಲ್ಲಿ ಇಟ್ಕೊಂಡಿದ್ದು ಕೋಣೆಯ ಎರಡು ಸ್ಪೀಕರ್. ಕೋಣೇಲಿ ಎಡ ಸ್ಪೀಕರಿನ ಸದ್ದು ಬಲಗಿವಿಗೂ ಬರುತ್ತೆ. ಇಯರ್‌ಫೋನ್‌ನಲ್ಲಿ ಬರಲ್ಲ. ಒಂದೇ ಕಿವೀಲಿ ಮಾತ್ರ ಕೇಳೋ ಸದ್ದು ಪ್ರಕೃತೀಲಿ ಯಾವುದಿದೆ ಹೇಳಿ? ಕಿವಿ ಪಕ್ಕ ಬಂದ ಸೊಳ್ಳೆ ಬಿಟ್ರೆ ನನಗೆ ಹೊಳೀತಿಲ್ಲ. ಪ್ಯಾನ್ ಹುಟ್ಟಿದ್ದು ಥಿಯೇಟರ್‌ಗೆ, ಬೆಳೆದಿದ್ದು ಕೋಣೆಗೆ, ಈಗ ಇರೋದು ನಮ್ಮ ಕಿವಿಯ ಒಳಗೆ. ಹಾಗಾಗಿ ಇಯರ್‌ಫೋನ್‌ಗೆ ಮಿಕ್ಸ್ ಮಾಡುವಾಗ ನಾನು ಮಾತನ್ನ ನಡುವೆ ಬಿಟ್ಟು ಎಲ್ಲೂ ಇಡಲ್ಲ, ಉಳಿದಿದ್ದನ್ನೂ ಅಂಚಿನ ತನಕ ತಳ್ಳಲ್ಲ.

ಇನ್ನೊಂದು ಅಪಾಯ ಇದೆ. ಸದ್ದನ್ನ 'ವೈಡ್' ಮಾಡೋ ಕೆಲವು ಪ್ಲಗಿನ್‌ಗಳು ಒಂದು ಚಾನೆಲ್‌ನ ಅಲೆಯನ್ನ ತಲೆಕೆಳಗು ಮಾಡ್ತವೆ. ಇಯರ್‌ಫೋನಲ್ಲಿ ವಿಶಾಲವಾಗಿ ಕೇಳುತ್ತೆ. ಅದೇ ಹಾಡನ್ನ ಒಂದೇ ಸ್ಪೀಕರಿನ ಬ್ಲೂಟೂತ್ ಡಬ್ಬೀಲಿ ಹಾಕಿದ್ರೆ, ಎಡ ಕೂಡು ಬಲ, ಒಂದು ಮೇಲೆ ಇನ್ನೊಂದು ಕೆಳಗೆ, ಮೊತ್ತ ಸೊನ್ನೆ. ಸದ್ದು ಮಾಯ! ಹಳೇ ಕರೋಕೆ ತಂತ್ರವೂ ಇದೇ. ನಡುವೆ ಇರೋ ಹಾಡುಗಾರ ಎರಡೂ ಚಾನೆಲ್‌ನಲ್ಲಿ ಒಂದೇ ಥರ ಇರ್ತಾನೆ, ಎಡದಿಂದ ಬಲ ಕಳೆದ್ರೆ ಅವನು ಹೋಗಿ ಬದಿಯಲ್ಲಿರೋ ವಾದ್ಯ ಉಳಿಯುತ್ತೆ. ಅದಕ್ಕೇ ಮಿಕ್ಸ್ ಮುಗಿದ ಮೇಲೆ ಒಂದು ಸಲ ಮೋನೋ ಬಟನ್ ಒತ್ತಿ ಕೇಳಿ. ಮೈಕ್ ಸೆಟ್‌ನವರ ಹಾರ್ನ್‌ನಲ್ಲಿ ಇದು ಹೇಗೆ ಕೇಳುತ್ತೆ ಅಂತ ಅದೊಂದೇ ಹೇಳೋದು.

ಮಾವನ ಫೋನ್‌ಗೆ ಏನು ಮಾಡಿದೆ ಅಂತ ಕೆಲವರು ಕೇಳಬಹುದು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇದೆ, ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ. ಅದರಲ್ಲಿ ಆಡಿಯೋ ಅಥವಾ ಹಿಯರಿಂಗ್ ಭಾಗಕ್ಕೆ ಹೋದ್ರೆ 'ಮೋನೋ ಆಡಿಯೋ' ಅಂತ ಸಿಗುತ್ತೆ, ಆನ್ ಮಾಡಿ. ಎಡ, ಬಲ ಕೂಡಿ ಎರಡೂ ಬಡ್‌ಗೆ ಒಂದೇ ಸದ್ದು ಬರುತ್ತೆ. ಪಕ್ಕದಲ್ಲೇ ಎಡ ಬಲದ ಬ್ಯಾಲೆನ್ಸ್ ಸ್ಲೈಡರ್ ಕೂಡ ಇರುತ್ತೆ. ಅದನ್ನ ಮಾತ್ರ ಜರುಗಿಸಿ ಬಿಟ್ಟರೆ ಆಗಲ್ಲ, ಯಾಕೆ ಅಂತ ಈಗ ನಿಮಗೆ ಗೊತ್ತು. ನಿಮ್ಮ ಮನೇಲಿ ಅಜ್ಜಿ ತಾತ ಯಾರಿಗಾದ್ರೂ ಒಂದು ಕಿವಿ ಮಂದ ಇದ್ರೆ ಇವತ್ತೇ ಮಾಡಿಕೊಡಿ, ಎರಡು ನಿಮಿಷದ ಕೆಲಸ.

ಮಾವ ಆ ಮೂರು ಎಪಿಸೋಡನ್ನ ಮತ್ತೆ ಮೊದಲಿಂದ ಕೇಳಿದ್ರು. ಪ್ರಶ್ನೆಗಳು ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಅವರ ಅಭಿಪ್ರಾಯ.

ಈ ಎಪಿಸೋಡ್‌ನಲ್ಲಿ ನನ್ನ ದನಿ ನಟ್ಟನಡುವೆ ಇದೆ. ಎಡ ಬಲ ಓಡಾಡಿದ್ದು ಆ ಒಂದು ರೈಲು, ಆ ಕಂಜರ, ಅಷ್ಟೇ. ಮುಂದಿನ ವಾರ ಸಿಗೋಣ.